ರೊಕ್ಕದ ಲೆಕ್ಕದಲ್ಲಿ ‘ಯಾಕೆ’ ಎಂಬ ಕಾಲಂ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ತಿಂಗಳ ಪಗಾರ ಎಣಿಸುವವರಿಗೂ, ಹಾವೇರಿ ಕಡೆ ವರ್ಷಕ್ಕೊಮ್ಮೆ ಗೋವಿನಜೋಳ ಮಾರಿ ರೊಕ್ಕ ಕಾಣುವವರಿಗೂ ತಮ್ಮ ಆದಾಯ ಎಷ್ಟೆಂದು ಚೆನ್ನಾಗಿ ಗೊತ್ತಿರುತ್ತದೆ. ಒಟ್ಟು ಸಾಲ ಎಷ್ಟು ಎಂದು ಕೇಳಿ ನೋಡಿ: ‘ಹಂಗ ಸ್ವಲ್ಪ ಐತ್ರಿ’ ಎಂದು ಮಾತು ಬದಲಾಗುತ್ತದೆ. ಲೆಕ್ಕ ಬರುವುದಿಲ್ಲ ಎಂದೇನೂ ಇಲ್ಲ. ಸಂತೆಯಲ್ಲಿ ನಿಂತು ಮೂರೂವರೆ ಕಿಲೋ ಉಳ್ಳಾಗಡ್ಡಿಯ ಬಾಯಿಲೆಕ್ಕವನ್ನು ಅಂಗಡಿಯವನಿಗಿಂತ ಮೊದಲೇ ಮುಗಿಸುತ್ತೇವೆ. ಸ್ವಂತ ಲೆಕ್ಕ ನೋಡಲು ಮಾತ್ರ ಮನಸ್ಸು ಹಿಂಜರಿಯುತ್ತದೆ, ಏಕೆಂದರೆ ಅಲ್ಲಿ ಮಾನ, ಹೆದರಿಕೆ, ಅಪ್ಪ-ಅಮ್ಮನ ಮಾತು ಎಲ್ಲ ಸೇರಿಕೊಂಡಿರುತ್ತವೆ.

ಆದ್ದರಿಂದ ಇಲ್ಲಿ ಹೇಳುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲ ತಿಂಗಳು ಸುಮ್ಮನೆ ನೋಡುವುದು. ಆಮೇಲೆ ಸಾಲವನ್ನೆಲ್ಲ ಒಂದೇ ಹಾಳೆಗೆ ತರುವುದು. ಆ ಹಾಳೆಯನ್ನು ಮನೆಯ ಇನ್ನೊಬ್ಬರಿಗೆ ತೋರಿಸುವುದು. ಖಾತೆ, ಉಳಿತಾಯ, ಹೂಡಿಕೆಯ ಮಾತು ಕಡೆಗೆ. ಹೆಚ್ಚಿನವರು ಕಡೆಯದರಿಂದ ಶುರು ಮಾಡುತ್ತಾರೆ: ಶೇ 36ರ ಬಡ್ಡಿಯ ಸಾಲ ತಲೆಯ ಮೇಲಿರುವಾಗಲೇ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಎರಡು ಸಾವಿರದ ಎಸ್‌ಐಪಿ ಕಟ್ಟುತ್ತಾರೆ. ಅದು ನಷ್ಟದ ವ್ಯಾಪಾರ.

ಮೊದಲ ತಿಂಗಳು: ನಾಲ್ಕು ಕಾಲಮ್ಮಿನ ಕಿರ್ದಿ

ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ತಾರೀಖು, ಎಷ್ಟು, ಯಾವುದಕ್ಕೆ, ಯಾಕೆ. ಮೊದಲ ಮೂರು ಯಾವ ಅಂಗಡಿಯ ಕಿರ್ದಿಯಲ್ಲೂ ಇರುತ್ತವೆ. ನಾಲ್ಕನೆಯದೇ ನಮ್ಮ ಕೆಲಸಕ್ಕೆ ಬೇಕಾದದ್ದು. ಅಲ್ಲಿ ಉದ್ದ ಬರೆಯುವುದು ಬೇಡ, ಒಂದು ಗುರುತು ಹಾಕಿ: ಅಗತ್ಯಕ್ಕೆ ‘ಅ’, ಖುಷಿಗೆ ‘ಖು’, ಮಾನಕ್ಕೆ ‘ಮಾ’, ಬೇಸರಕ್ಕೆ ‘ಬೇ’, ಹೆದರಿಕೆಗೆ ‘ಹೆ’.

ಒಂದು ವಾರದ ಪುಟ ಹೀಗಿರಬಹುದು. ಸೋಮವಾರ 180, ದುರ್ಗದಬೈಲಿನಲ್ಲಿ ಗಿರ್ಮಿಟ್, ಮಿರ್ಚಿ, ಚಹಾ, ಮೂವರದೂ ಸೇರಿ: ‘ಮಾ’. ಹೋದ ಸಲ ಅವರು ಕೊಟ್ಟಿದ್ದರು, ಈ ಸಲ ಸುಮ್ಮನಿರಲು ಆಗಲಿಲ್ಲ. ಮಂಗಳವಾರ 640, ಕಿರಾಣಿ: ‘ಅ’. ಗುರುವಾರ 1,499, ಮೊಬೈಲಿನಲ್ಲಿ ಬೂಟು: ‘ಬೇ’. ಕೆಲಸದ ಜಾಗದಲ್ಲಿ ಮೇಲಿನವರು ಬೈದ ದಿನ ಅದು, ರಾತ್ರಿ ಹನ್ನೊಂದಕ್ಕೆ ಆರ್ಡರ್ ಆಗಿದೆ. ಶನಿವಾರ 1,100, ಮದುವೆಯ ಆಯೇರಿ: ‘ಮಾ’. ಭಾನುವಾರ 220, ಮಕ್ಕಳ ಜೊತೆ ಉಣಕಲ್ ಕೆರೆಯ ದಂಡೆಯಲ್ಲಿ: ‘ಖು’. ಈ ವಾರ ಬೂಟಿನ 1,499 ಕಣ್ಣಿಗೆ ಕುಕ್ಕುತ್ತದೆ. ಆದರೆ ಅದರಂಥದ್ದು ತಿಂಗಳಿಗೆ ಒಮ್ಮೆ, ಚಹಾ ಮತ್ತು ಆಯೇರಿ ವಾರವಾರವೂ ಬರುತ್ತವೆ. ತಿಂಗಳ ಕೊನೆಗೆ ಕೂಡಿದರೆ ‘ಮಾ’ದ ಮೊತ್ತ ‘ಬೇ’ಯನ್ನು ಮೀರಿಸುವುದು ನಮ್ಮ ಕಡೆ ಅಪರೂಪವೇನಲ್ಲ.

ಯುಪಿಐ ಖರ್ಚನ್ನು ರಾತ್ರಿ ಊಟವಾದ ಮೇಲೆ ಆ್ಯಪಿನ ಪಟ್ಟಿ ತೆರೆದು ನಕಲು ಮಾಡಿಕೊಳ್ಳಿ, ಐದು ನಿಮಿಷದ ಕೆಲಸ. ನಗದಿಗೆ ಬೇರೆ ಉಪಾಯ ಬೇಕು: ಬೆಳಿಗ್ಗೆ ಕಿಸೆಯಲ್ಲಿದ್ದದ್ದು, ರಾತ್ರಿ ಉಳಿದದ್ದು, ಎರಡನ್ನೂ ಎಣಿಸಿ ವ್ಯತ್ಯಾಸ ಬರೆಯಿರಿ. ಓಣಿಯ ಅಂಗಡಿಯ ಉದ್ರಿಯನ್ನು ಸಾಮಾನು ತಂದ ದಿನವೇ ಖರ್ಚೆಂದು ಹಾಕಿ. ರೊಕ್ಕ ಕೊಟ್ಟ ದಿನ ಹಾಕಿದರೆ ತಿಂಗಳ ಮೊದಲ ವಾರ ದೊಡ್ಡದಾಗಿ, ಉಳಿದ ಮೂರು ವಾರ ಏನೂ ಖರ್ಚೇ ಇಲ್ಲದಂತೆ ಕಾಣುತ್ತದೆ.

ಈ ಕೆಲಸ ಕೆಡುವುದು ಸಾಮಾನ್ಯವಾಗಿ ಎರಡನೇ ವಾರ. ಒಂದು ದಿನ 140 ರೂಪಾಯಿ ಎಲ್ಲಿ ಹೋಯಿತೆಂದು ಹೊಳೆಯುವುದಿಲ್ಲ, ಲೆಕ್ಕ ಕೂಡುವುದಿಲ್ಲ, ನೋಟ್‌ಬುಕ್ ಮೂಲೆ ಸೇರುತ್ತದೆ. ‘ನೆನಪಿಲ್ಲ, 140’ ಎಂದು ಬರೆದು ಮುಂದೆ ಹೋಗಿ. ಇದು ಆಡಿಟ್ ಅಲ್ಲ. ಇನ್ನೊಂದು ತೊಡಕೆಂದರೆ ಬರೆಯುತ್ತಿದ್ದಂತೆ ನಾಚಿಕೆಯಾಗಿ ಖರ್ಚು ಕಡಿಮೆ ಮಾಡಿಬಿಡುವುದು. ಮೊದಲ ತಿಂಗಳು ಏನನ್ನೂ ಕಡಿತ ಮಾಡಬೇಡಿ. ಒಳ್ಳೆಯವರಾಗಿ ಕಾಣಲು ಹೊರಟರೆ ಸಿಗುವುದು ಸುಳ್ಳು ಚಿತ್ರ, ಮುಂದಿನ ತಿಂಗಳು ಹಳೆಯ ರೂಢಿ ಬಡ್ಡಿ ಸಮೇತ ಮರಳುತ್ತದೆ.

ತಿಂಗಳಾದ ಮೇಲೆ ಗುರುತಿನ ಪ್ರಕಾರ ಕೂಡಿ. ಒಂದೇ ಗುರುತನ್ನು ಆರಿಸಿಕೊಂಡು ಅದರ ಮೇಲೆ ಕೆಲಸ ಮಾಡಿ. ‘ಬೇ’ ದೊಡ್ಡದಾದರೆ ಖರೀದಿಯ ಆ್ಯಪಿನಿಂದ ಕಾರ್ಡಿನ ವಿವರ ಅಳಿಸಿ, ಬೇಕೆನಿಸಿದ್ದನ್ನು ಎರಡು ರಾತ್ರಿ ಅಲ್ಲೇ ಬಿಡಿ. ‘ಮಾ’ ದೊಡ್ಡದಾದರೆ ಆಯೇರಿಗೆ ಮೊದಲೇ ದರ ಬರೆದಿಟ್ಟುಕೊಳ್ಳಿ: ಒಡಹುಟ್ಟಿದವರ ಮಕ್ಕಳಿಗೆ ಇಷ್ಟು, ಬೀಗರ ಕಡೆಗೆ ಇಷ್ಟು, ಓಣಿಯವರಿಗೆ, ಕೆಲಸದ ಜಾಗದವರಿಗೆ ಇಷ್ಟು. ಮಂಟಪದ ಬಾಗಿಲಲ್ಲಿ ನಿಂತು ಲಕೋಟೆಗೆ ಎಷ್ಟು ಹಾಕುವುದೆಂದು ಯೋಚಿಸಿದರೆ ಯಾವಾಗಲೂ ಹೆಚ್ಚೇ ಹಾಕುತ್ತೇವೆ. ‘ಖು’ವಿಗೆ ಕೈ ಹಾಕಬೇಡಿ. ಮಕ್ಕಳ 220 ರೂಪಾಯಿ ಕಡಿದು ಉಳಿಸಿದ ಲೆಕ್ಕ ಮನೆಯಲ್ಲಿ ಬಾಳಿಕೆ ಬರುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದವರೂ ಇದ್ದಾರೆ, ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇರುತ್ತದೆ, ಪಿಂಚಣಿ ಬರುತ್ತದೆ, ಆದರೂ ಎರಡು ವರ್ಷದಿಂದ ಕನ್ನಡಕದ ನಂಬರ್ ಬದಲಾಯಿಸಿಲ್ಲ, ಹಲ್ಲು ನೋವಿಗೆ ಲವಂಗ ಇಟ್ಟುಕೊಂಡು ದಿನ ದೂಡುತ್ತಾರೆ. ಹಿಂದೆ ಬರಗಾಲ ನೋಡಿದವರು, ಕಾರ್ಖಾನೆ ಮುಚ್ಚಿದ ಮನೆಯಲ್ಲಿ ಬೆಳೆದವರು ಹೀಗಾಗುವುದುಂಟು. ಇಂಥವರು ಐದನೆಯ ಕಾಲಂ ಎಳೆಯಲಿ: ಮಾಡದ ಖರ್ಚು. ಮುಂದೂಡಿದ್ದು ಏನು, ಎಷ್ಟು ದಿನದಿಂದ, ಅದರಿಂದ ಮೈಗೆ ಆದದ್ದೇನು. ತಿಂಗಳಿಗೆ ಒಂದನ್ನು, ಅದೂ ಆರೋಗ್ಯದ್ದನ್ನು, ಮೊದಲು ಮುಗಿಸಲಿ.

ಈ ತಿಂಗಳಲ್ಲೇ ಒಂದು ಸಣ್ಣ ಕೆಲಸ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ರೊಕ್ಕದ ಮಾತು ಮೂರು ನಾಲ್ಕು ಬರೆಯಿರಿ. ‘ನಮ್ಮ ಕೈಯಾಗ ರೊಕ್ಕ ನಿಲ್ಲೂದಿಲ್ಲ.’ ‘ಸಾಲ ಆದ್ರೂ ಆಗ್ಲಿ, ಮದುವಿ ಮಾತ್ರ ಜೋರ ಆಗಬೇಕು.’ ‘ಹೆಣಮಕ್ಕಳಿಗೆ ಯಾಕ ಬೇಕು ಈ ಲೆಕ್ಕ?’ ಒಂದೊಂದರ ಮುಂದೆ, ಹೋದ ವರ್ಷ ಈ ಮಾತಿನಿಂದ ನಾನು ತೆಗೆದುಕೊಂಡ ಒಂದು ತೀರ್ಮಾನ ಯಾವುದು ಎಂದು ಬರೆದರೆ ಸಾಕು. ವಿಶ್ಲೇಷಣೆ ಬೇಡ.

ಸಾಲದ ಹಾಳೆ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಯಾರಿಗೆ, ಉಳಿದ ಅಸಲು, ವರ್ಷದ ಬಡ್ಡಿ, ತಿಂಗಳ ಕಂತು, ಕಂತಿನ ತಾರೀಖು, ಅಡವಿಟ್ಟದ್ದು ಏನು, ಮನೆಯಲ್ಲಿ ಯಾರಿಗೆ ಗೊತ್ತು. ಕಡೆಯ ಕಾಲಮ್ಮಿನಲ್ಲಿ ‘ಯಾರಿಗೂ ಗೊತ್ತಿಲ್ಲ’ ಎಂದು ಬಂದ ಸಾಲಗಳೇ ಬೇಗ ಬೆಳೆಯುತ್ತವೆ, ಏಕೆಂದರೆ ಅವನ್ನು ತೀರಿಸಲು ಮತ್ತೊಂದು ಗುಟ್ಟಿನ ಸಾಲ ಮಾಡಬೇಕಾಗುತ್ತದೆ.

ಬಡ್ಡಿಯನ್ನು ಎಲ್ಲದಕ್ಕೂ ವರ್ಷದ ಲೆಕ್ಕಕ್ಕೆ ತನ್ನಿ. ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ಒಂದು ಲಕ್ಷಕ್ಕೆ ತಿಂಗಳಿಗೆ 3,000 ಕೊಡುತ್ತಲೇ ಇದ್ದರೂ ಅಸಲು ಒಂದು ರೂಪಾಯಿ ಕರಗುವುದಿಲ್ಲ. ದಿನದ ಸಾಲ ಇನ್ನೂ ಮೋಸದ್ದು: ಹತ್ತು ಸಾವಿರ ಎಂದು ಹೇಳಿ ಒಂದು ಸಾವಿರ ಮೊದಲೇ ಮುರಿದು 9,000 ಕೈಗಿಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ನೋಡಲು ಶೇ 10 ಎನಿಸುತ್ತದೆ. ಅಸಲು ದಿನದಿನಕ್ಕೆ ಕಡಿಮೆಯಾಗುತ್ತ ಬರುವುದನ್ನು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 77 ಆಗುತ್ತದೆ. ಗಾಡಿ, ಫ್ರಿಜ್, ಮೊಬೈಲ್ ಸಾಲದಲ್ಲಿ ‘ಫ್ಲ್ಯಾಟ್’ ಬಡ್ಡಿ ಎಂದರೆ ಎಚ್ಚರ. ಒಂದು ಲಕ್ಷಕ್ಕೆ ಶೇ 12 ಫ್ಲ್ಯಾಟ್, 24 ತಿಂಗಳು ಎಂದರೆ ಕಂತು 5,167. ಕಟ್ಟಿದ ಮೇಲೂ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ ಹಾಕಿರುವುದರಿಂದ ನಿಜವಾದ ದರ ಶೇ 21ರ ಮೇಲೆ. ಸಾಲ ಕೊಡುವವರನ್ನು ‘ಕರಗುವ ಬಾಕಿಯ ಮೇಲೆ ಎಷ್ಟು?’ ಎಂದೇ ಕೇಳಿ.

ಮರೆತ ಸಾಲವೋ ಜಾಮೀನೋ ಇರಬಹುದೆಂಬ ಅನುಮಾನವಿದ್ದರೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಎಲ್ಲರ ಸಾಲದ ದಾಖಲೆ ಇಡುವ ಈ ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ತೀರಿಸುವ ಕ್ರಮ: ಎಲ್ಲದರ ಕಡ್ಡಾಯ ಕಂತು ಕಟ್ಟಿ, ಮಿಕ್ಕ ರೊಕ್ಕವನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಹಾಕಿ. ಕ್ರೆಡಿಟ್ ಕಾರ್ಡಿನಲ್ಲಿ ‘ಮಿನಿಮಮ್ ಡ್ಯೂ’ (ಬಿಲ್ಲಿನ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಿದ್ದರೆ ಅದೂ ಈ ಸಾಲಿನಲ್ಲೇ ಬರುತ್ತದೆ. ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು, ಅಂದರೆ ಓಣಿಯ ಬಡ್ಡಿಗಿಂತ ಜಾಸ್ತಿ. ಬಡ್ಡಿಯಿಲ್ಲದ ಕೈಗಡವನ್ನು ಕಡೆಗಿಡಿ, ಆದರೆ ಕೊಟ್ಟವರಿಗೆ ತಾರೀಖು ಹೇಳಿಬಿಡಿ. ಸಂಬಂಧ ಕೆಡುವುದು ತಡವಾಗಿದ್ದಕ್ಕಿಂತ ಫೋನ್ ಎತ್ತದ್ದಕ್ಕೆ.

ಬಂಗಾರ ಮನೆಯಲ್ಲಿದ್ದು ಹೊರಗೆ ಶೇ 36ರ ಸಾಲವಿದ್ದರೆ, ಬ್ಯಾಂಕಿನಲ್ಲಿ ಬಂಗಾರ ಇಟ್ಟು ಆ ಸಾಲ ಮುಗಿಸುವುದು ಲೆಕ್ಕಕ್ಕೆ ಸರಿ. ಶೇ 10ಕ್ಕೆ ಸಿಕ್ಕರೆ ಲಕ್ಷಕ್ಕೆ ತಿಂಗಳ ಬಡ್ಡಿ 3,000 ಇದ್ದದ್ದು 833ಕ್ಕೆ ಇಳಿಯುತ್ತದೆ. ಬಂಗಾರ ಒತ್ತೆಯಿಡುವುದು ಅವಮಾನ, ಬಡ್ಡಿಗೆ ತರುವುದು ಯಾರಿಗೂ ಕಾಣದು ಎಂಬ ಲೆಕ್ಕದಿಂದಲೇ ಹಲವರು ತಿಂಗಳಿಗೆ ಎರಡು ಸಾವಿರದ ಮೇಲೆ ಕಳೆದುಕೊಳ್ಳುತ್ತಾರೆ. ಇಲ್ಲಿ ಕೆಡುವುದು ಆಮೇಲೆ: ಬಡ್ಡಿ ಮಾತ್ರ ಕಟ್ಟಿ ವರ್ಷವರ್ಷ ನವೀಕರಿಸುತ್ತ ಹೋದರೆ ಸರ ಮನೆಗೆ ಬರುವುದೇ ಇಲ್ಲ. ಉಳಿದ 2,167 ರೂಪಾಯಿಯನ್ನು ಅದೇ ತಿಂಗಳಿಂದ ಅಸಲಿಗೆ ಹಾಕಿದರೆ ಮೂರೂವರೆ ವರ್ಷದೊಳಗೆ ಸಾಲ ಮುಗಿಯುತ್ತದೆ. ಬಂಗಾರ ಯಾರದೋ ಅವರ ಒಪ್ಪಿಗೆ ಮೊದಲು ಬೇಕೆಂದು ಬೇರೆ ಹೇಳಬೇಕಿಲ್ಲ.

ಸಂಘದ, ಮೈಕ್ರೋ ಫೈನಾನ್ಸಿನ ಸಾಲಕ್ಕೊಂದು ಮಿತಿಯಿದೆ. ವರ್ಷದ ಆದಾಯ 3 ಲಕ್ಷದವರೆಗಿನ ಮನೆಗೆ ಅಡಮಾನವಿಲ್ಲದೆ ಕೊಡುವ ಈ ಸಾಲದಲ್ಲಿ, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕಾಡುವಂತಿಲ್ಲ. ಒತ್ತಾಯದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೂ ತಂದಿದೆ. ಆದರೆ ನಮ್ಮ ಹಾಳೆಯಲ್ಲಿ ನೋಡಬೇಕಾದ್ದು ಬೇರೆ: ಸಾಲ ಯಾರ ಹೆಸರಿನಲ್ಲಿದೆ, ರೊಕ್ಕ ಯಾರು ಬಳಸಿದರು? ಮನೆಯಾಕೆಯ ಹೆಸರಿನಲ್ಲಿ ಎತ್ತಿ ಗಂಡಸರು ಬಳಸಿದ್ದರೆ ಕಂತಿನ ಹೊಣೆ ಬಳಸಿದವರ ಪಗಾರದಿಂದ ಹೋಗಲಿ, ವಾರದ ಸಭೆಯಲ್ಲಿ ತಲೆ ತಗ್ಗಿಸಿ ಕೂರುವುದು ಆಕೆಯ ಪಾಲಿಗೆ ಬರದಿರಲಿ.

ಹಾಳೆಯನ್ನು ಮನೆಯಲ್ಲಿ ತೋರಿಸುವುದು

ಪಗಾರ ಬಂದ ಮೇಲಿನ ಮೊದಲ ಭಾನುವಾರ, ಮುಂಜಾನೆ ನಾಷ್ಟಾ ಆದ ಮೇಲೆ. ರಾತ್ರಿ ಬೇಡ, ದಣಿದಾಗ ಲೆಕ್ಕ ಜಗಳವಾಗುತ್ತದೆ. ಗಡಿಯಾರ ನೋಡಿ ಮುಕ್ಕಾಲು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಮಾತು ಶುರು ಮಾಡುವುದೇ ಕಷ್ಟ, ಹೀಗೆ ಅನ್ನಬಹುದು: ‘ಈ ಹಾಳಿ ಇಬ್ರೂ ಕೂಡಿ ನೋಡೂಣು. ಯಾರ ತಪ್ಪು ಅನ್ನೂದು ಇವತ್ತ ಬ್ಯಾಡ, ಎಷ್ಟೈತಿ ಅಂತ ಇಬ್ಬರಿಗೂ ಗೊತ್ತಾದ್ರ ಸಾಕು.’ ಹೆಂಡತಿಗೆ ಮಾತ್ರ ಗೊತ್ತಿರುವ ಸಾಲವಿದ್ದು ಗಂಡನಿಗೆ ಹೇಳಬೇಕಾದರೆ: ‘ರೀ, ಸಂಘದಾಗ ಇನ್ನೊಂದು ಸಾಲ ಐತ್ರಿ, ಹೇಳಾಕ ಹೆದರಿಕಿ ಆಗಿತ್ತು. ಈ ಹಾಳ್ಯಾಗ ಬರದೀನಿ ನೋಡ್ರಿ.’ ಬಾಯಲ್ಲಿ ಹೇಳಲು ನಾಲಿಗೆ ಏಳದಿದ್ದಾಗ ಬರೆದ ಹಾಳೆ ಮುಂದಿಡುವುದು ಸುಲಭ.

ಮೊದಲ ಸಲ ತೀರ್ಮಾನ ಬೇಡ, ಎಲ್ಲ ಅಂಕಿ ಒಂದು ಕಡೆ ಬಂದರೆ ಆ ದಿನದ ಕೆಲಸ ಮುಗಿಯಿತು. ಎರಡನೇ ಭಾನುವಾರ ಯಾವ ಸಾಲ ಮೊದಲು ಎಂದು ಗೊತ್ತುಮಾಡಿ. ಇಬ್ಬರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದು ಮೊತ್ತ ಇರಲಿ, ಐನೂರಾದರೂ ಸರಿ. ಅದಿಲ್ಲದ ಮನೆಯಲ್ಲಿ ಸಣ್ಣ ಸುಳ್ಳು ಶುರುವಾಗುತ್ತದೆ. ಗೃಹಲಕ್ಷ್ಮಿಯ 2,000 ಯಾವುದಕ್ಕೆ ಎಂದು ಆಕೆಯೇ ಹೇಳಲಿ. ಹತ್ತು ವರ್ಷ ದಾಟಿದ ಮಕ್ಕಳು ಪಕ್ಕದಲ್ಲಿ ಕೂತು ಕೇಳಿದರೆ ಕೆಡುಕೇನಿಲ್ಲ, ಸಾಲಗಾರರ ಹೆಸರು ಮಾತ್ರ ಅವರ ಮುಂದೆ ಬೇಡ.

ವರ್ಷದ ರೊಕ್ಕ ತಿಂಗಳಿಗೆ, ತಿಂಗಳ ರೊಕ್ಕ ವರ್ಷಕ್ಕೆ

ರೈತರ ತೊಂದರೆ ರೊಕ್ಕ ಒಮ್ಮೆಲೇ ಬರುವುದರಲ್ಲಿದೆ. ಗದಗ ಕಡೆ ಹೆಸರುಕಾಳು ಬಂದಾಗ, ಹಾವೇರಿಯಲ್ಲಿ ಗೋವಿನಜೋಳ ತೂಗಿದಾಗ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಇಳಿದಾಗ ಕೈ ತುಂಬಿರುತ್ತದೆ, ಮುಂಗಾರಿನ ಹೊತ್ತಿಗೆ ದಲಾಲರ ಅಂಗಡಿಯ ಮುಂಗಡ ಬೇಕಾಗುತ್ತದೆ. ಮುಂಗಡ ಪಡೆದವರು ಮಾಲನ್ನು ಅದೇ ಅಂಗಡಿಗೆ ಹಾಕಬೇಕಾಗಿ ಬರುವುದರಿಂದ, ಬೇರೆ ಕಡೆ ದರ ಚೆನ್ನಾಗಿದ್ದರೂ ಕೈ ಕಟ್ಟಿದಂತೆ.

ಒಂದು ಲೆಕ್ಕ ನೋಡಿ. 60 ಕ್ವಿಂಟಲ್ ಗೋವಿನಜೋಳ, ಕ್ವಿಂಟಲಿಗೆ 2,000ದಂತೆ 1,20,000 ಬಂತೆನ್ನಿ. ಗೊಬ್ಬರದ ಅಂಗಡಿಯ ಉದ್ರಿ 35,000 ಅದೇ ದಿನ ಕೊಡಿ. ಮುಂದಿನ ಬೀಜ-ಗೊಬ್ಬರಕ್ಕೆ 25,000 ಬೇರೆ ಖಾತೆಗೆ. ಉಳಿದ 60,000ವನ್ನು ಮತ್ತೊಂದು ಖಾತೆಯಲ್ಲಿಟ್ಟು, ಪ್ರತಿ ತಿಂಗಳು ಒಂದನೇ ತಾರೀಖು 5,000 ಮನೆಖರ್ಚಿನ ಖಾತೆಗೆ ತಾನಾಗಿ ಬರುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಮನೆಖರ್ಚಿನ ಖಾತೆಗೆ ಮಾತ್ರ ಎಟಿಎಂ ಕಾರ್ಡು, ಯುಪಿಐ. 5,000ದಲ್ಲಿ ಮನೆ ನಡೆಯುವುದಿಲ್ಲ ಎಂದರೆ ಅದು ಸುಗ್ಗಿಯಲ್ಲೇ ಗೊತ್ತಾಗಲಿ, ಹೈನು, ಕೂಲಿ, ಬೇರೆ ದಾರಿ ಹುಡುಕಲು ಆಗ ಹೊತ್ತಿರುತ್ತದೆ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ ಪಡೆದವರು ವಾಯಿದೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಗಡುವು ತಪ್ಪಿದರೆ ಆ ರಿಯಾಯಿತಿ ಸಿಗುವುದಿಲ್ಲ.

ಪಗಾರದವರದು ಇದರ ತಿರುವು. ತಿಂಗಳ ಲೆಕ್ಕ ಸರಿಯಾಗಿರುತ್ತದೆ, ವರ್ಷಕ್ಕೊಮ್ಮೆ ಬರುವ ಖರ್ಚು ಸಾಲ ಮಾಡಿಸುತ್ತದೆ. ಅವನ್ನೆಲ್ಲ ಪಟ್ಟಿ ಮಾಡಿ: ಜೂನಿನ ಶಾಲೆ ಫೀ 18,000, ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದಾಗ 6,000, ಗಣಪತಿಗೆ 3,000, ದೀಪಾವಳಿಗೆ 10,000, ಆಯೇರಿ ವರ್ಷಕ್ಕೆ 9,000, ಗಾಡಿ ವಿಮೆ 2,000. ಒಟ್ಟು 48,000, ತಿಂಗಳಿಗೆ 4,000. ಪಂಚಮಿ ಪ್ರತಿ ಶ್ರಾವಣಕ್ಕೆ ಬಂದೇ ಬರುತ್ತದೆ, ಅದನ್ನು ಆಕಸ್ಮಿಕ ಖರ್ಚೆಂದು ಬರೆಯುವುದರಲ್ಲಿ ಅರ್ಥವಿಲ್ಲ. ಆ ನಾಲ್ಕು ಸಾವಿರ ಪಗಾರ ಬಿದ್ದ ಮರುದಿನವೇ ಬೇರೆ ಖಾತೆಗೆ ಹೋಗಬೇಕು. ಇದರ ಹೊರತಾಗಿ ಹತ್ತು ಸಾವಿರದ ಒಂದು ಮೀಸಲು ಕೂಡಿಸಿ. ಸಾಲ ಇರುವಾಗಲೂ ಇದು ಬೇಕು, ಇಲ್ಲದಿದ್ದರೆ ಒಂದು ಜ್ವರ, ಒಂದು ಪಂಕ್ಚರ್ ಮತ್ತೆ ದಿನದ ಬಡ್ಡಿಯವರ ಬಾಗಿಲಿಗೆ ಕರೆದೊಯ್ಯುತ್ತದೆ. ದಿನದ ದುಡಿಮೆಯವರಿಗೆ ಪಿಗ್ಮಿ ಈಗಲೂ ಒಳ್ಳೆಯ ಉಪಾಯ: ದಿನಕ್ಕೆ 50 ಎಂದರೆ ತಿಂಗಳಿಗೆ 1,500. ಏಜೆಂಟರಿಗೆ ಕೊಟ್ಟ ತಕ್ಷಣ ರಸೀದಿ ಅಥವಾ ಮೊಬೈಲಿಗೆ ಸಂದೇಶ ಬಂತೇ ನೋಡಿ, ಅವಧಿಗೆ ಮೊದಲೇ ಮುರಿದರೆ ಎಷ್ಟು ಕಡಿತ ಎಂದು ಮೊದಲೇ ಕೇಳಿ.

ಎಲ್ಲಿ ಇಡುವುದು ಎಂಬುದೂ ಮುಖ್ಯ. ಸಹಕಾರದ ಮೇಲೆ ನಮ್ಮ ಭಾಗದವರಿಗೆ ನಂಬಿಕೆ ಹಳೆಯದು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ನಂಬಿಕೆ ಇರಲಿ, ವಿಮೆಯ ಗೆರೆ ಎಲ್ಲಿದೆ ಎಂಬುದೂ ತಿಳಿದಿರಲಿ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅರ್ಬನ್ ಮತ್ತು ಜಿಲ್ಲಾ ಸಹಕಾರಿ ಬ್ಯಾಂಕುಗಳಲ್ಲಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆಯಿದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಒಂದೂವರೆ ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ನಿವೃತ್ತಿಯ ರೊಕ್ಕವನ್ನೆಲ್ಲ ಒಂದೇ ಸೊಸೈಟಿಯಲ್ಲಿ ಇಡಬೇಡಿ.

ವಿಮೆಯ ಬಗ್ಗೆ ಒಂದೇ ಮಾತು: ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ ಜ್ಯೋತಿ (ಜೀವವಿಮೆ), 20 ರೂಪಾಯಿಯ ಸುರಕ್ಷಾ ವಿಮೆ (ಅಪಘಾತಕ್ಕೆ), ತಲಾ 2 ಲಕ್ಷದವು. ಪ್ರೀಮಿಯಂ ಮೇ ಕೊನೆಗೆ ಖಾತೆಯಿಂದ ಕಡಿತವಾಗುತ್ತದೆ, ಆ ಹೊತ್ತಿಗೆ ಖಾತೆ ಬರಿದಾಗಿದ್ದರೆ ವಿಮೆ ನಿಲ್ಲುತ್ತದೆ.

ಕೈಗಡ ಮತ್ತು ಜಾಮೀನು

‘ಇಲ್ಲ’ ಎನ್ನಲು ಬಾರದಿರುವುದು ನಮ್ಮ ಕಡೆಯ ದೊಡ್ಡ ಖರ್ಚು. ತಿರುಗಿ ಬರದಿದ್ದರೂ ಮನೆ ನಡೆಯುವಷ್ಟನ್ನೇ ಕೊಡಿ, ಉಳಿದದ್ದಕ್ಕೆ ಕಾರಣಗಳ ಸಾಲು ಹೇಳಬೇಡಿ, ಒಂದೊಂದು ಕಾರಣಕ್ಕೂ ಎದುರಿನವರ ಹತ್ತಿರ ಉತ್ತರವಿರುತ್ತದೆ. ‘ಕಾಕಾ, ಐವತ್ತು ಸಾವಿರ ನನ್ನ ಕಡೆ ಆಗೂದಿಲ್ರಿ. ಐದು ಸಾವಿರ ಕೊಡ್ತೀನಿ, ಅದನ್ನ ತಿರುಗಿ ಕೊಡೂದು ಬ್ಯಾಡ್ರಿ.’ ಅಷ್ಟೇ ಹೇಳಿ ಚಹಾ ಕುಡಿಸಿ ಕಳಿಸಿ. ಸಿಟ್ಟು ಬಂದರೂ ಐವತ್ತು ಸಾವಿರ ಕೊಟ್ಟು ಮೂರು ವರ್ಷ ಮುಖ ತಪ್ಪಿಸಿಕೊಂಡು ತಿರುಗುವಷ್ಟು ಕೆಡುವುದಿಲ್ಲ.

ಜಾಮೀನು ಕೈಗಡಕ್ಕಿಂತ ಅಪಾಯದ್ದು, ಏಕೆಂದರೆ ಸಹಿ ಹಾಕುವಾಗ ಕಿಸೆಯಿಂದ ಏನೂ ಹೋಗುವುದಿಲ್ಲ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಅವನನ್ನು ಬಿಟ್ಟು ನೇರವಾಗಿ ನಿಮ್ಮನ್ನೇ ಕೇಳಬಹುದು, ಆ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ ಕಾಣಿಸುತ್ತದೆ. ಸಹಿಗೆ ಮೊದಲು ಆ ಸಾಲವನ್ನು ನಿಮ್ಮ ಹಾಳೆಯಲ್ಲಿ ನಿಮ್ಮದೇ ಎಂಬಂತೆ ಬರೆದು ನೋಡಿ. ಈಗಾಗಲೇ ಸಹಿ ಹಾಕಿದ್ದರೆ ಮೂರು ತಿಂಗಳಿಗೊಮ್ಮೆ ಸಾಲಗಾರರಿಂದ ಬಾಕಿಯ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ.

ಮೊಬೈಲ್ ಲೋನ್ ಆ್ಯಪಿನವರು ಫೋಟೊ, ಸಂಪರ್ಕದ ಹೆಸರು ಹಿಡಿದು ಬೆದರಿಸುತ್ತಿದ್ದರೆ ಇನ್ನೊಂದು ಆ್ಯಪಿನಿಂದ ಸಾಲ ತೆಗೆದು ಅವರ ಬಾಯಿ ಮುಚ್ಚಿಸಲು ಹೋಗಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ. ಬ್ಯಾಂಕು, ಫೈನಾನ್ಸ್ ಕಂಪನಿಯ ದೂರನ್ನು ಮೊದಲು ಅವರಿಗೇ ಬರೆದುಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಕೇಳುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಕಳಿಸಬಹುದು, ಮಾಹಿತಿಗೆ 14448. ಸಾಲದ ಚಿಂತೆಯಲ್ಲಿ ನಿದ್ದೆ ಹೋಗಿ ಬದುಕು ಬೇಡವೆನಿಸುತ್ತಿದ್ದರೆ ಹಾಳೆ, ಲೆಕ್ಕ ಎಲ್ಲ ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ.

ಕಿರ್ದಿಯನ್ನು ವರ್ಷವಿಡೀ ಬರೆಯಬೇಕಿಲ್ಲ. ಮೊದಲ ತಿಂಗಳಾದ ಮೇಲೆ ಜೂನ್ ತಿಂಗಳು, ದೀಪಾವಳಿ ಬರುವ ತಿಂಗಳು, ಮನೆಯಲ್ಲಿ ಮದುವೆ ಇದ್ದ ತಿಂಗಳು, ಇಷ್ಟು ಬರೆದರೆ ಸಾಕು. ಸಾಲದ ಹಾಳೆಯನ್ನು ಮಾತ್ರ ಪ್ರತಿ ತಿಂಗಳು ಹೊಸದಾಗಿ ಬರೆದು, ಹಳೆಯದನ್ನು ಹರಿಯದೆ ಅದರ ಹಿಂದೆಯೇ ಪಿನ್ ಹಾಕಿಡಿ.